ಟೋಕನ್ ಆಗ್ಯಾದಂತ್ರಿ

ಕಾಲೇಜು ಶುಲ್ಕದ ಮರುಪಾವತಿಗೆ ತುಂಬುವ ತೆಲಂಗಾಣದ ಈಪಾಸ್ ಅರ್ಜಿ ಮೊದಲು ಹೆಸರು ಕೇಳುವುದಿಲ್ಲ. ಹತ್ತನೇ ತರಗತಿಯ ಹಾಲ್‌ಟಿಕೆಟ್ ನಂಬರು, ಪಾಸಾದ ವರ್ಷ, ಹುಟ್ಟಿದ ತಾರೀಖು ಕೊಟ್ಟರೆ ಹೆಸರನ್ನು ಅದೇ ಹೇಳುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನರ ಕಿರಿಮಗಳು ಬಿ.ಕಾಂ. ಓದುತ್ತಿದ್ದಾಳೆ. ಅವಳ ಎಸ್ಸೆಸ್ಸಿ ಮೆಮೊದಲ್ಲಿ, ಅಂದರೆ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ, ತೆಲುಗರ ಪದ್ಧತಿಯಂತೆ ಮನೆತನದ ಹೆಸರು ಮುಂದಿದೆ. ಆಧಾರ್‌ನಲ್ಲಿ ಅಪ್ಪನ ಹೆಸರು ಹಿಂದಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ, ಬರೀ ಹೆಸರು. ಕಾಗದದ ಲೆಕ್ಕದಲ್ಲಿ ಮೂವರು ಹುಡುಗಿಯರು, ಶುಲ್ಕ ಮಾತ್ರ ಒಬ್ಬಳದು.

*

ವಾಚ್‌ಮನ್ನರ ಊರು ನಾರಾಯಣಪೇಟೆ ಜಿಲ್ಲೆಯಲ್ಲಿ, ಕೃಷ್ಣಾ ನದಿಯ ದಂಡೆಗೆ. ಮನೆಮಾತು ಕನ್ನಡ. ಹೈದರಾಬಾದಿಗೆ ಬಂದು ಹತ್ತಾರು ವರ್ಷವಾದರೂ ರೇಷನ್ ಕಾರ್ಡು ಊರಲ್ಲೇ ಇದೆ, ಸಂಸಾರ ಮಾತ್ರ ನಮ್ಮ ಸೆಲ್ಲಾರಿನ ಒಂದು ಕೋಣೆಯಲ್ಲಿ. ಮರುಪಾವತಿ ಸಿಗಬೇಕಾದರೆ ಬಿಸಿ, ಅಂದರೆ ಹಿಂದುಳಿದ ವರ್ಗದ, ವಿದ್ಯಾರ್ಥಿಯ ಮನೆಯ ವರಮಾನ ಹಳ್ಳಿಯಲ್ಲಾದರೆ ವರ್ಷಕ್ಕೆ 1.5 ಲಕ್ಷ ರೂಪಾಯಿ, ಪಟ್ಟಣದಲ್ಲಾದರೆ 2 ಲಕ್ಷ ದಾಟಬಾರದು. ಹಾಗಾದರೆ ಇವರು ಎಲ್ಲಿಯವರು? ತಿಂಗಳಿಗೆ 12,000 ಸಂಬಳ. ಹೆಂಡತಿ ಮೂರು ಫ್ಲಾಟುಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಊರಿನ ತಹಶೀಲ್ದಾರರಿಂದ ಪ್ರಮಾಣಪತ್ರ ತಂದರೆ ಗೆರೆಯ ಆಚೆ, ಇಲ್ಲಿಯ ತಹಶೀಲ್ದಾರರಿಂದ ತಂದರೆ ಗೆರೆಯ ಈಚೆ. ಮನುಷ್ಯ ಅವರೇ, ಪಾತ್ರೆಗಳೂ ಅವೇ.

ಸರ್ಕಾರಿ ಪತ್ರಗಳಿಗೆ ಅರ್ಜಿ ಹಾಕುವ ಮೀಸೇವಾ ಕೇಂದ್ರದಲ್ಲಿ ನಿಂತವರ ವರಮಾನ ಪತ್ರಗಳ ಮೇಲೆ ಸುಮ್ಮನೆ ಕಣ್ಣಾಡಿಸಿದೆ. ಎಲ್ಲವೂ ದುಂಡು ಮೊತ್ತ. ಬಡವರ ದುಡಿಮೆ ಒಂದೇ ಒಂದು ವರ್ಷವೂ 1,43,650ಕ್ಕೆ ಬಂದು ನಿಲ್ಲುವುದಿಲ್ಲವೇ?

*

ವರಮಾನಕ್ಕಿದ್ದಂತೆ ಜಾತಿಗೂ ಒಂದು ಗೆರೆ ಇದೆ. ಅವರ ಊರಿಂದ ನದಿ ದಾಟಿದರೆ ರಾಯಚೂರು. ಅಲ್ಲಿ ವಾಲ್ಮೀಕಿ ನಾಯಕರು ಪರಿಶಿಷ್ಟ ಪಂಗಡ. ಈಚೆ ದಂಡೆಯಲ್ಲಿ ವಾಲ್ಮೀಕಿ ಬೋಯರು ಬಿಸಿ-ಎ. ಎರಡೂ ದಂಡೆಗಳ ನಡುವೆ ಹೆಣ್ಣು ಕೊಟ್ಟು ತರುವುದು ಹಿಂದಿನಿಂದ ನಡೆದಿದೆ, ಅಕ್ಕತಂಗಿಯರ ಮಕ್ಕಳು ಬೇರೆ ಬೇರೆ ಪಟ್ಟಿಯಲ್ಲಿದ್ದಾರೆ. ಬಿ.ಕಾಂ.ಗೆ ಇದರಿಂದ ದೊಡ್ಡ ವ್ಯತ್ಯಾಸವಾಗದಿರಬಹುದು. ಎಂಜಿನಿಯರಿಂಗ್‌ಗೆ ಆಗುತ್ತದೆ. ತೆಲಂಗಾಣದಲ್ಲಿ ಪಂಗಡದ ವಿದ್ಯಾರ್ಥಿಗೆ ಶುಲ್ಕ ಪೂರ್ತಿ ಬರುತ್ತದೆ. ಬಿಸಿಯವರಿಗೆ ಪ್ರವೇಶ ಪರೀಕ್ಷೆಯಲ್ಲಿ 10,000ದೊಳಗೆ ರ‍್ಯಾಂಕು ಬಂದರೆ ಪೂರ್ತಿ, ಇಲ್ಲವಾದರೆ ಸಾಮಾನ್ಯವಾಗಿ 35,000 ರೂಪಾಯಿ. ನದಿಗೆ ಇದೆಲ್ಲ ಗೊತ್ತಿಲ್ಲ ಎಂದು ಬರೆಯಹೊರಟು ಹೊಡೆದುಹಾಕಿದೆ. ನದಿಯನ್ನು ಇದಕ್ಕೆ ಎಳೆಯುವುದು ಬೇಡ.

*

ಹಳೆಯ ಪತ್ರಿಕೆಗಳಲ್ಲಿ ಸಿಕ್ಕಿದ್ದು. 2008ರ ಸುಮಾರಿಗೆ ಅವಿಭಜಿತ ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಕಾಲದಲ್ಲಿ ಬೆಳೆದ ಈ ಶುಲ್ಕ ಮರುಪಾವತಿಯನ್ನು, ರಾಜ್ಯ ಒಡೆದ ಮೇಲೆ 2014ರ ಜುಲೈನಲ್ಲಿ ತೆಲಂಗಾಣ ಸರ್ಕಾರ ‘ಫಾಸ್ಟ್’ ಎಂಬ ಹೊಸ ಹೆಸರಲ್ಲಿ ತರಲು ಹೊರಟಿತ್ತು. ಷರತ್ತು ಒಂದು: 1956ರ ನವೆಂಬರ್ 1ಕ್ಕೆ ಮೊದಲೇ ಕುಟುಂಬ ತೆಲಂಗಾಣದಲ್ಲಿ ನೆಲೆಸಿರಬೇಕು.

ನವೆಂಬರ್ 1! ನಾವು ಬಾವುಟ ಹಾರಿಸುವ ದಿನ. ಹೈದರಾಬಾದ್ ರಾಜ್ಯ ಮೂರು ಪಾಲಾಗಿ ಬೀದರ, ಗುಲ್ಬರ್ಗಾ, ರಾಯಚೂರು ಮೈಸೂರಿಗೆ ಸೇರಿದ ದಿನ. ಹಾಗೆ ಸೇರುವಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ಲೂ ತೆಲಂಗಾಣದ ಕಡೆಯೇ ಉಳಿದವು. 1955ರಲ್ಲಿ ಕೊಡಂಗಲ್ಲಿನಲ್ಲಿದ್ದ ಒಬ್ಬ ಅಜ್ಜ ಗುಲ್ಬರ್ಗಾ ಜಿಲ್ಲೆಯವ. ಅವನ ಮೊಮ್ಮಗ ಈ ಷರತ್ತಿಗೆ ಸಿಗುತ್ತಾನೋ ಇಲ್ಲವೋ? ಉತ್ತರ ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ. ಸರ್ಕಾರದ ಈ ಆದೇಶವನ್ನು ಹೈಕೋರ್ಟ್ ಪ್ರಶ್ನಿಸಿತು, 2015ರಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. ಆದರೂ, ಹತ್ತೊಂಬತ್ತರ ಹುಡುಗಿಯ ಕಾಲೇಜು ಫೀಸಿಗೆ ಅವಳ ಮುತ್ತಜ್ಜನ ವಿಳಾಸ ಬೇಕೆಂದು ಯಾರಿಗೋ ಹೊಳೆಯಿತಲ್ಲ, ಆ ತಲೆಯೊಳಗೆ ಒಮ್ಮೆ ಇಣುಕಬೇಕೆನಿಸುತ್ತದೆ.

*

ಅರ್ಜಿಯ ಪಯಣ: ಈಪಾಸ್‌ನಲ್ಲಿ ತುಂಬುವುದು, ಮೀಸೇವಾದಲ್ಲಿ ಬೆರಳೊತ್ತುವುದು, ಪ್ರಿಂಟು ಮತ್ತು ಪತ್ರಗಳನ್ನು ಕಾಲೇಜಿಗೆ ಕೊಡುವುದು. ಹಾಜರಿ ಶೇಕಡಾ 75 ಇರಬೇಕು. ಪ್ರಿನ್ಸಿಪಾಲರು ನೋಡಿ ಮುಂದೆ ಕಳಿಸಿದರೆ ಜಿಲ್ಲೆಯ ಕಲ್ಯಾಣಾಧಿಕಾರಿ ಮಂಜೂರು ಮಾಡುತ್ತಾರೆ, ಬಿಲ್ಲು ಖಜಾನೆಗೆ ಹೋಗುತ್ತದೆ. ಖಜಾನೆಯಲ್ಲಿ ಬಿಲ್ಲಿಗೊಂದು ಟೋಕನ್ ನಂಬರು ಬೀಳುತ್ತದೆ. ನಾನು ಗೊಂದಲಕ್ಕೆ ಬಿದ್ದದ್ದು ಇಲ್ಲಿ.

‘ದುಡ್ಡು ಬಂತಾ ಅಣ್ಣಾ?’ ಎಂದು ವಾಚ್‌ಮನ್ನರನ್ನು ಕೇಳಿದೆ.

‘ಟೋಕನ್ ಆಗ್ಯಾದಂತ್ರಿ ಸಾರ್.’

‘ಅಂದರೆ ಬಂದ ಹಾಗೇನಾ?’

‘ಬಂದಂಗೇ. ಆದ್ರ ಬಂದಿಲ್ರಿ.’

ಟೋಕನ್ ಬಿದ್ದ ಬಿಲ್ಲು ಹಣಕಾಸು ಇಲಾಖೆ ಕೈಬಿಚ್ಚುವವರೆಗೆ ಕಾಯುತ್ತದೆ. ಸರ್ಕಾರ ‘ಮಂಜೂರು ಮಾಡಿದ್ದೇವೆ’ ಎನ್ನುವುದು ನಿಜ. ಕಾಲೇಜು ‘ನಮಗೆ ಬಂದಿಲ್ಲ’ ಎನ್ನುವುದೂ ನಿಜ. 2024ರ ಅಕ್ಟೋಬರ್‌ನಲ್ಲಿ ಖಾಸಗಿ ಪದವಿ ಕಾಲೇಜುಗಳು ಬಾಕಿ ಕೊಡಿ ಎಂದು ಬಾಗಿಲು ಹಾಕಿದವು. 2025ರ ನವೆಂಬರ್‌ನಲ್ಲಿ ವೃತ್ತಿಪರ ಕಾಲೇಜುಗಳ ಸರದಿ. ಪಾಠವಿಲ್ಲದೆ ಮನೆಯಲ್ಲಿ ಕುಳಿತವರು ವಿದ್ಯಾರ್ಥಿಗಳು. ಅವರ ಮೇಲೆ ಬಾಕಿ ಇದೆಯೆಂದು ಸರ್ಕಾರ ಹೇಳಿಲ್ಲ, ಬಾಕಿ ಇಲ್ಲವೆಂದು ಕಾಲೇಜು ಹೇಳುವುದಿಲ್ಲ.

*

ಡಲ್ಲಾಸ್‌ನಲ್ಲಿರುವ ನೆಂಟರೊಬ್ಬರಿಂದ ಕೇಳಿ ತಿಳಿದದ್ದು. ಅಮೆರಿಕದ ಕಮ್ಯುನಿಟಿ ಕಾಲೇಜಿನ ಹುಡುಗರು ಸರ್ಕಾರದ ನೆರವಿಗಾಗಿ ಫಾಫ್ಸಾ ಎಂಬ ಅರ್ಜಿ ತುಂಬುತ್ತಾರೆ. ಅದು ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ ನೋಡುತ್ತದೆ, ಅಪ್ಪನ ಕೆಲಸ ಹೋದವರಿಗೆ ಅದೊಂದು ತಾಪತ್ರಯ. ಆದರೆ ಅದರ ಮೂಲಕ ಸಿಗುವ ಪೆಲ್ ಗ್ರಾಂಟಿನ ಹಣದಲ್ಲಿ ಫೀಸು ಹೋಗಿ ಮಿಕ್ಕಿದ್ದು ವಿದ್ಯಾರ್ಥಿಯ ಕೈಗೆ ಬರುತ್ತದಂತೆ, ಪುಸ್ತಕಕ್ಕೆ, ಬಸ್ಸಿಗೆ. ಇಲ್ಲಿ ನಿರ್ವಹಣೆಯ ಪುಡಿಗಾಸು, ಇಲಾಖೆಯವರು ಎಂಟಿಎಫ್ ಎನ್ನುವುದು, ವಿದ್ಯಾರ್ಥಿಯ ಖಾತೆಗೆ ಬರಬೇಕು. ಆರ್‌ಟಿಎಫ್, ಅಂದರೆ ಶುಲ್ಕ ಮರುಪಾವತಿಯ ದೊಡ್ಡ ಗಂಟು, ಕಾಲೇಜಿನ ಖಾತೆಗೆ. ತನ್ನ ಹೆಸರಲ್ಲಿ ಓಡಾಡುವ ಈ ಗಂಟಿನ ಮುಖವನ್ನು ಹುಡುಗಿ ಒಮ್ಮೆಯೂ ಕಾಣುವುದಿಲ್ಲ.

*

ವಾಚ್‌ಮನ್ನರ ಹಿರಿಮಗಳ ಸಂಗತಿ ಆಮೇಲೆ ತಿಳಿಯಿತು. ಅವಳ ಡಿಗ್ರಿ ಮುಗಿದಿದೆ. ಒಂದು ಮಳಿಗೆಯ ಲೆಕ್ಕದ ಕೆಲಸ ಸಿಕ್ಕಿದೆ, ಅವರು ಮೂಲ ಮೆಮೊ, ಟಿಸಿ ಕೇಳಿದ್ದಾರೆ. ಕಾಲೇಜಿನವರು, ಆ ಕಾಲೇಜಿನ ಹೆಸರು ಇಲ್ಲಿ ಬೇಡ, ಬಾಕಿ ಫೀಸು ನೀವು ಕಟ್ಟಿ ಒಯ್ಯಿರಿ, ಸರ್ಕಾರದಿಂದ ಬಂದಾಗ ವಾಪಸ್ ಕೊಡುತ್ತೇವೆ ಎಂದಿದ್ದಾರೆ. ಮೂಲ ಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ. ವಾಚ್‌ಮನ್ನರಿಗೆ ಇದನ್ನು ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಖರೇರಿ’ ಎಂದರು. ಅಷ್ಟರಲ್ಲಾಗಲೇ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ 28,000 ತಂದು ಕಟ್ಟಿದ್ದರು.

ರಾತ್ರಿ ಕೂತು ಇದನ್ನು ಲೆಕ್ಕದ ಭಾಷೆಯಲ್ಲಿ ಬರೆದು ನೋಡಿದೆ. ಕೊಡಬೇಕಾದವರು ಸರ್ಕಾರ, ಪಡೆಯಬೇಕಾದವರು ಕಾಲೇಜು. ನಡುವೆ ದುಡ್ಡು ಹಾಕಿದವರು ನಮ್ಮ ಸೆಲ್ಲಾರಿನವರು. ಬಡವರೆಂದು ಇದೇ ಸರ್ಕಾರದಿಂದ ಮುದ್ರೆ ಒತ್ತಿಸಿಕೊಂಡವರು ಅದಕ್ಕೇ ಕೈಗಡ ಕೊಟ್ಟಿದ್ದಾರೆ. ಸಾಹುಕಾರನಿಗೆ ತಿಂಗಳಿಗೆ 840 ರೂಪಾಯಿ ಬಡ್ಡಿ ಕಟ್ಟುತ್ತಿದ್ದಾರೆ. ವರ್ಷಕ್ಕೆ 10,080. ಈ ಒಂದು ಸಂಖ್ಯೆಯಾದರೂ ದುಂಡಗಿಲ್ಲ.

ಮರುದಿನ ಈ ಲೆಕ್ಕ ತೋರಿಸಿದಾಗ ಅವರು ಕೇಳಿದ್ದು ಬೇರೆಯೇ. ‘ಸಾರ್, ಈ ಬಡ್ಡಿ ಕಟ್ಟಿದ್ದನ್ನ ವರಮಾನದಾಗ ಕಳೀತಾರೇನ್ರಿ? ಸಣ್ಣಾಕಿ ಸರ್ಟಿಫಿಕೇಟ್ ಮಾಡಸ್ಬೇಕು.’

ಕಳೆಯುವ ಕಲಮು ಆ ಸರ್ಟಿಫಿಕೇಟಿನ ಅರ್ಜಿಯಲ್ಲಿ ನನಗೆ ಕಾಣಲಿಲ್ಲ. ಅಷ್ಟರಲ್ಲಿ ಕಿರಿಯವಳು ಫೋನ್ ಹಿಡಿದು ಬಂದಳು. ರಿನ್ಯೂವಲ್ಲಿಗೆ ಕೊನೆಯ ತಾರೀಖು ಮತ್ತೆ ಮುಂದಕ್ಕೆ ಹೋಗಿದೆಯಂತೆ.