ಹಳೆಯ ಆಟ, ಹೊಸ ಅರಿವು

ಬಾಲ್ಯದ ಆಟಗಳು ಬಾಲ್ಯದೊಡನೆಯೇ ಮುಗಿದುಹೋಗುತ್ತವೆ ಎಂಬುದು ಲೋಕದ ಮಾತು. ಅಳಗುಳಿಮಣೆ, ಚೌಕಾಬಾರಗಳನ್ನು ಮುಪ್ಪಿನವರೆಗೂ ಆಡಿದ ಅಜ್ಜಿಯರನ್ನು ಕಂಡ ನಮಗೆ ಅದು ಪೂರ್ಣ ಸತ್ಯವೆನಿಸದು. ಆದರೆ ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮಿಗೂ ಅಂಥ ದೀರ್ಘಾಯುಷ್ಯವುಂಟೆಂಬುದನ್ನು ನಾವು ಈಚೆಗಷ್ಟೇ ಕಂಡುಕೊಂಡೆವು.

ನಾವು ಒಡಹುಟ್ಟಿದವರಿಬ್ಬರು, ಅಕ್ಕ ಮತ್ತು ತಮ್ಮ. ಬೆಳೆದದ್ದು ಶಿಕಾರಿಪುರದಲ್ಲಿ, ವಿವಾಹಾನಂತರ ಅಕ್ಕನ ಊರು ಸೊರಬವಾಯಿತು. 1990ರ ದಶಕದಲ್ಲಿ ತಂದೆಯವರು ಒಂದು ವಿಡಿಯೋ ಗೇಮ್ ತಂದುಕೊಟ್ಟಿದ್ದರು. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ 'ಫ್ಯಾಮಿಲಿ ಕಂಪ್ಯೂಟರ್' ಯಂತ್ರದ ಅನುಕರಣೆ ಅದೆಂಬುದು ಆಗ ತಿಳಿದಿರಲಿಲ್ಲ. ಅದರ ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆಯೆಂದು ಅಚ್ಚಾಗಿತ್ತು. ಒಳಗಿದ್ದುದು ಕೆಲವೇ ಆಟಗಳು, ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಮಳೆಗಾಲದಲ್ಲಿ ಕರೆಂಟು ಹೋದರೆ ಗೆದ್ದ ಹಂತಗಳೆಲ್ಲ ಅಳಿಸಿಹೋಗಿ, ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು.

ತಾಯಿಯವರು ಲಿಂಗೈಕ್ಯರಾದ ಮೇಲೆ ಮನೆಯ ಪಾಲಿನ ಪ್ರಶ್ನೆ ಎದ್ದು, ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಶಿರಾಳಕೊಪ್ಪದ ಮಾರ್ಗವಾಗಿ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಊರುಗಳು, ಮದುವೆ ಗೃಹಪ್ರವೇಶಗಳಲ್ಲಿ ಮಾತ್ರ ಮುಖ ನೋಡುವಷ್ಟು ದೂರವಾದವು. ಕಳೆದ ಬೇಸಿಗೆಯಲ್ಲಿ ತಾಯಿಯವರ ಪುಣ್ಯಸ್ಮರಣೆಗೆ ಎಲ್ಲರೂ ಸೇರಿದ್ದಾಗ, ಮಕ್ಕಳು ಅಟ್ಟದಿಂದ ಆ ಯಂತ್ರವನ್ನು ಕೆಳಗಿಳಿಸಿದರು. ಆಶ್ಚರ್ಯವೆಂದರೆ, ಅದಕ್ಕಿನ್ನೂ ಜೀವವಿತ್ತು.

ಬಾತುಕೋಳಿ ಹೊಡೆಯುವ 'ಡಕ್ ಹಂಟ್' ಆಟದ ಬಂದೂಕು ಮಾತ್ರ ಹೊಸ ಟಿ.ವಿ.ಯ ಮುಂದೆ ನಿಷ್ಫಲವಾಯಿತು. ಕಾರಣವನ್ನು ಹುಡುಕಿದಾಗ ವಿಸ್ಮಯವೊಂದು ತಿಳಿಯಿತು. ಆ ಬಂದೂಕಿನಿಂದ ಏನೂ ಹೊರಡುತ್ತಿರಲಿಲ್ಲ. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಹಕ್ಕಿಯಿದ್ದ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಆ ಬೆಳಕನ್ನು ಬಂದೂಕೇ ನೋಡುತ್ತಿತ್ತು. ಹಳೆಯ ದಪ್ಪ ಟಿ.ವಿ.ಯ ವೇಗಕ್ಕೆ ಹೊಂದಿಸಿದ್ದ ಆ ಕಣ್ಣಿಗೆ, ಚಿತ್ರವನ್ನು ತುಸು ತಡವಾಗಿ ತೋರುವ ಚಪ್ಪಟೆ ಟಿ.ವಿ. ಒಗ್ಗದು.

ಬಳಿಕ 'ಕಾಂಟ್ರಾ' ಹಾಕಿದೆವು. ಇಬ್ಬರೂ ಒಟ್ಟಿಗೆ ಆಡಬಹುದಾದ ಈ ಆಟ 1988ರಲ್ಲಿ ಮನೆಯ ಯಂತ್ರಗಳಿಗೆ ಬಂದದ್ದು. ಅದರ ಮೂರನೆಯ ಹಂತದಲ್ಲಿ ಜಲಪಾತವೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಒಬ್ಬರು ಅವಸರದಿಂದ ಮೇಲೇರಿದರೆ ಪರದೆಯೂ ಅವರೊಡನೆ ಮೇಲೆ ಸರಿಯುತ್ತದೆ. ಕೆಳಗುಳಿದವರು ಶತ್ರುವಿನ ಗುಂಡು ತಾಗದೆಯೇ ಸಾಯುತ್ತಾರೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಜಗಳಗಳೆಲ್ಲ ಹುಟ್ಟುತ್ತಿದ್ದುದು ಈ ಜಲಪಾತದಲ್ಲೇ. ಅಂದು ಸಂಜೆ ತಮ್ಮ ಮೇಲಿನ ಬಂಡೆಗೆ ಜಿಗಿಯದೆ ನಿಂತ. "ನಿಧಾನಕ್ಕೆ ಬಾರಕ್ಕ, ನಾನು ನಿಂತಿದೀನಿ" ಎಂದ. ಅಕ್ಕನಿಗೆ ಕೆಲಹೊತ್ತು ಪರದೆ ಮಂಜಾಗಿ ಕಂಡಿತು. ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ.

ಪಾಲಿನ ವಿಷಯ ಅಂದೇ ಇತ್ಯರ್ಥವಾಯಿತೆಂದು ಹೇಳಲಾರೆವು. ಆದರೆ ಮುಂದಿನ ತಿಂಗಳು ಮಧ್ಯಸ್ಥರಿಲ್ಲದೆ ನಾವಿಬ್ಬರೇ ಕುಳಿತು ಕಾಗದಪತ್ರಗಳನ್ನು ನೋಡಿದೆವು. ಒಬ್ಬರು ಓದಿ ಮುಗಿಸುವವರೆಗೆ ಇನ್ನೊಬ್ಬರು ಕಾದೆವು.

ಬಂಧುಗಳೇ, ತಮ್ಮ ಮನೆಗಳ ಅಟ್ಟದಲ್ಲಿಯೂ ಇಬ್ಬರು ಆಡುತ್ತಿದ್ದ ಯಾವುದಾದರೊಂದು ಆಟವಿರಬಹುದು. ಮಣೆಯಾಗಲಿ, ಕವಡೆಯಾಗಲಿ, ಯಂತ್ರವಾಗಲಿ, ಮುಂದಿನ ರಜೆಯಲ್ಲಿ ಅದರ ಧೂಳು ಕೊಡವಿ, ಅಂದಿನ ಜೊತೆಗಾರರನ್ನೇ ಆಟಕ್ಕೆ ಕರೆಯಿರಿ.