ರಕ್ತದ ಸಾಲ

ಸಾಲವೆಂಬುದು ನಮ್ಮ ಮನೆಯವರಿಗೆಲ್ಲ ಹಳೆಯ ಪರಿಚಯ. ಸೊಸೈಟಿಯ ಸಾಲ, ಅಂಗಡಿಯ ಬಾಕಿ, ನೆಂಟರ ಕೈಗಡ, ಎಲ್ಲವೂ ಅಪ್ಪನ ಉದ್ದನೆಯ ಪುಸ್ತಕದಲ್ಲಿರುತ್ತವೆ. ತೀರಿದುದಕ್ಕೆ ಅಡ್ಡಗೆರೆ ಬೀಳುತ್ತದೆ. ಆ ಪುಸ್ತಕದ ಕೊನೆಯ ಹಾಳೆಯಲ್ಲಿ ‘ಕೆಂಪು ೯, ಹಳದಿ ೧೪’ ಎಂಬ ಒಂದು ಲೆಕ್ಕವಿದೆ. ಅದಕ್ಕೆ ಗೆರೆ ಎಳೆದಿಲ್ಲ. ಅದು ನನ್ನ ಲೆಕ್ಕ.

೨೦೧೬ರಲ್ಲಿ, ನನಗೆ ೧೧ ವರ್ಷವಾಗಿದ್ದಾಗ, ರಕ್ತದ ಕ್ಯಾನ್ಸರ್ ಬಂದಿತು. ಚಳ್ಳಕೆರೆಯ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ನನ್ನನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದೊಯ್ದರು. ಕೇಂದ್ರ ಮಂತ್ರಿಗಳಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಸಂಸ್ಥೆ ಅದು. ನಮ್ಮೂರಿನಲ್ಲಿ ಆ ಹೆಸರನ್ನು ದನಿ ತಗ್ಗಿಸಿ ಹೇಳುತ್ತಾರೆ. ‘ಕಿದ್ವಾಯಿಗೆ ಹೋದರಂತೆ’ ಎಂದರೆ ಮುಂದೇನನ್ನೂ ಕೇಳಬೇಕಾಗಿಲ್ಲವೆಂದು ಅವರ ಭಾವನೆ. ನಾನಾದರೋ ಹೋದೆ, ಸುಮಾರು ಮೂರು ವರ್ಷ ಔಷಧ ತೆಗೆದುಕೊಂಡೆ, ೨೦೧೯ರಲ್ಲಿ ಗುಣವಾಗಿ ಬಂದೆ. ಈಗ ಅಂತಿಮ ಬಿ.ಎ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುವುದನ್ನು ಅಧ್ಯಾಪಕರೆಲ್ಲ ಬಲ್ಲರು.

ನನ್ನನ್ನು ಉಳಿಸಿದ ಔಷಧಗಳಲ್ಲೊಂದು ನಮ್ಮ ಹಿತ್ತಲಿನ ಕಾಶಿಕಣಗಿಲೆ ಗಿಡದಿಂದ ಬಂದದ್ದೆಂದು ಆಮೇಲೆ ಓದಿ ತಿಳಿದೆ. ಅಜ್ಜಿ ದಿನವೂ ದೇವರಿಗೆ ಏರಿಸುತ್ತಿದ್ದ ಹೂವು! ಇನ್ನೊಂದರ ಕಥೆ ಇನ್ನೂ ಸ್ವಾರಸ್ಯವಾದದ್ದು. ಆಂಧ್ರದ ಭೀಮವರದಲ್ಲಿ ಹುಟ್ಟಿ ಅಮೆರಿಕೆಗೆ ಹೋದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಅಮಿನೊಪ್ಟೆರಿನ್ ಎಂಬ ಔಷಧವನ್ನು, ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ೧೯೪೭ರ ಕೊನೆಯಲ್ಲಿ ಇದೇ ಕಾಯಿಲೆಯ ಮಕ್ಕಳಿಗೆ ಕೊಟ್ಟರು. ಕೆಲವು ಮಕ್ಕಳು ಸ್ವಲ್ಪ ಕಾಲವಾದರೂ ಎದ್ದು ಆಡಿದರು. ಅದಕ್ಕೆ ಮುಂಚೆ ಅಷ್ಟೂ ಇರಲಿಲ್ಲ. ಆ ಔಷಧದ ದಾಯಾದಿಯಾದ ಮೆಥೊಟ್ರೆಕ್ಸೇಟ್ ಮಾತ್ರೆಗಳನ್ನು ನಾನು ವಾರಕ್ಕೊಮ್ಮೆ ನುಂಗುತ್ತಿದ್ದೆ. ಸುಬ್ಬರಾಯರು ೧೯೪೮ರಲ್ಲೇ ತೀರಿಕೊಂಡರು. ಅವರ ಸಾಲವನ್ನು ಯಾರಿಗೆಂದು ತೀರಿಸುವುದು?

ರಕ್ತದ ಸಾಲ ಹಾಗಲ್ಲ, ಕೊಂಡಂತೆಯೇ ಕೊಡಬಹುದೆಂದು ಎಣಿಸಿದ್ದೆ. ಔಷಧ ರೋಗವನ್ನು ಕೊಲ್ಲುವಾಗ ಮೂಳೆಯ ಮಜ್ಜೆಯನ್ನೂ ಸುಸ್ತು ಮಾಡಿಬಿಡುತ್ತದೆ. ಅದು ಚೇತರಿಸಿಕೊಳ್ಳುವವರೆಗೆ ಪರರ ರಕ್ತವೇ ಗತಿ. ಕೆಂಪು ಚೀಲವೆಂದರೆ ಕೆಂಪು ಕಣಗಳು, ಹಳದಿ ಚೀಲವೆಂದರೆ ಪ್ಲೇಟ್‌ಲೆಟ್‌ಗಳು. ಊರಿಗೆ ಬಂದಾಗ ಮಡಿಯ ಅಜ್ಜಿ ಅಪ್ಪನನ್ನು ಮೆಲ್ಲಗೆ ಕೇಳಿದಳು: “ಯಾರ್ದಪ್ಪಾ ಅದು, ರಕ್ತ?” ಅಪ್ಪ, “ಕೊಟ್ಟೋರ್ದು ಕಣಮ್ಮ” ಎಂದರು. ಅಜ್ಜಿ ಮತ್ತೆ ಕೇಳಲಿಲ್ಲ.

೨೦೨೪ರಲ್ಲಿ ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆದಾಗ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತವನು ನಾನು. ವಯಸ್ಸು ೧೮ ತುಂಬಿತ್ತು, ತೂಕ ೪೫ ಕಿಲೋ ದಾಟಿತ್ತು. ಆದರೆ ನಮೂನೆಯಲ್ಲಿ ಹಿಂದಿನ ಕಾಯಿಲೆಗಳ ಕಾಲಂ ಓದಿದ ವೈದ್ಯರು ಪೆನ್ನು ಕೆಳಗಿಟ್ಟರು. “ನಿನ್ನದನ್ನು ತೆಗೆದುಕೊಳ್ಳುವ ಹಾಗಿಲ್ಲಪ್ಪ. ಈಗಲೂ ಇಲ್ಲ, ಮುಂದೂ ಇಲ್ಲ. ನಿಯಮ.” ನಿಯಮ ಸರಿಯಾದದ್ದೇ; ರೋಗಿಯ ಕ್ಷೇಮ ನನ್ನ ಆಸೆಗಿಂತ ದೊಡ್ಡದು. ಆದರೂ ಅಂದು ಎಲ್ಲರಿಗೂ ಹಂಚಿದ ಬಿಸ್ಕತ್ತು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಸಂಗತಿ ತಿಳಿದ ಗೆಳೆಯರು ಆ ೨೩ ಚೀಲಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು. ಇದುವರೆಗೆ ೧೭ ಮಂದಿ ಕೊಟ್ಟಿದ್ದಾರೆ. ಓದುವ ಮಿತ್ರರಲ್ಲಿ ಒಂದು ಮಾತು: ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಕಾಲೇಜುಗಳಿಗೆ ರಜೆ ಬಂದರೂ ವಾರ್ಡಿಗೆ ರಜೆಯಿಲ್ಲ.

ನನ್ನ ಕೈಯಿಂದಲೇ ಏನು ಕೊಡಬಹುದೆಂಬುದು ಅನಂತರ, ವರ್ಷಕ್ಕೊಮ್ಮೆ ತೋರಿಸಿಕೊಳ್ಳಲು ಕಿದ್ವಾಯಿಗೆ ಹೋದಾಗ ತಿಳಿಯಿತು. ಸಿಂದಗಿಯ ಕಡೆಯ ತಾಯಿಯೊಬ್ಬಳು ಕಾಗದಗಳ ಕಟ್ಟು ಹಿಡಿದು ಯಾವ ಕೌಂಟರೆಂದು ತಿಳಿಯದೆ ನಿಂತಿದ್ದಳು. ಮಗನಿಗೆ ಎಂಟು ವರ್ಷವಿರಬಹುದು; ತಲೆಯ ಮೇಲೆ ಟೋಪಿ. ಚೀಟಿ ಮಾಡಿಸಿಕೊಟ್ಟು, ನನಗೂ ಇದೇ ಕಾಯಿಲೆ ಬಂದಿತ್ತಮ್ಮ ಎಂದೆ. ನಂಬಲಿಲ್ಲ. ಸಮಾಧಾನಕ್ಕೆ ಸುಳ್ಳಾಡುವವರನ್ನು ಆಕೆ ಆಗಲೇ ಬೇಕಾದಷ್ಟು ಕಂಡಿದ್ದಳೆಂದು ತೋರುತ್ತದೆ. ಪರ್ಸಿನಲ್ಲಿದ್ದ ಹಳೆಯ ಫೋಟೋ ತೆಗೆದು ಕೊಟ್ಟೆ: ಬೋಳುತಲೆ, ಊದಿದ ಕೆನ್ನೆ, ಕೈಗೆ ಸೂಜಿ. ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು.

“ಇಂವ ನೀನ ಏನೋ ತಮ್ಮಾ?”

ಹೌದೆಂದೆ. ಕೈ ಚಾಚಿ ನನ್ನ ತಲೆಗೂದಲನ್ನು ಹಿಡಿದು ಎಳೆದೇ ನೋಡಿದಳು. “ಖರೇ ಕೂದಲ ಅದಾವ!” ಎಂದವಳು ನಕ್ಕಳೋ ಅತ್ತಳೋ ಹೇಳಲಾರೆ. ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗ, “ಎಷ್ಟ ದಿನಕ್ಕ ಬಂದ್ವು?” ಎಂದ. ದೊಡ್ಡ ಔಷಧಗಳು ಮುಗಿದ ಮೇಲೆ ಮೂರು ನಾಲ್ಕು ತಿಂಗಳಿಗೆ ಎಂದೆ. ಅವನು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ.

ಹೊರಡುವಾಗ ಆ ತಾಯಿ ಫೋಟೋವನ್ನು ಹಿಂದಕ್ಕೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಈಗ ಸ್ಟುಡಿಯೋದಲ್ಲಿ ಹತ್ತು ಪ್ರತಿ ಮಾಡಿಸಿ ಇಟ್ಟುಕೊಂಡಿದ್ದೇನೆ. ನಾಲ್ಕು ಉಳಿದಿವೆ.