ಡೊಂಕು ಕೋಡು

ಜಾಲಹಳ್ಳಿಯ ನಮ್ಮ ಪಡಸಾಲೆಯಲ್ಲಿ ಕೂತು ಗೇಣಿಗೂ ಗಿಡ್ಡವಾದ ಮದುಮಗನಿಗೆ ಬಾಸಿಂಗ ಕಟ್ಟುತ್ತಿದ್ದೆ. ಎದುರುಮನೆಯ ಆಯಿ ಹೊಸ್ತಿಲ ಮೇಲೆ ನಿಂತು, 'ಇದನ್ನ ಯಾ ದೇವರ ಮುಂದ ಇಡ್ತಾರ ಯವ್ವಾ?' ಅಂದಳು. ದೇವರ ಮುಂದೆ ಅಲ್ಲ ಆಯಿ, ಕೇಕಿನ ಮೇಲೆ ಅಂದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. 'ಕೊಯ್ಯೋದರ ಮ್ಯಾಲ ಮದುಮಕ್ಕಳನ್ನ ನಿಂದರಸ್ತಾರೇನ? ಛಲೋ ಆತು!'

ಅಕ್ಕನ ಮಗನ ಲಗ್ನ. ಹುಡುಗಿ ಮಾನ್ವಿ ಕಡೆಯವಳು, ಸಣ್ಣಮಕ್ಕಳ ಶಾಲೆಯಲ್ಲಿ ಟೀಚರ್. ಅಕ್ಷತೆ ಊರಲ್ಲಿ, ರಿಸೆಪ್ಶನ್ ರಾಯಚೂರಲ್ಲಿ. ಕೇಕಿನ ಮೇಲಿಡುವ ರೆಡಿಮೇಡ್ ಜೋಡಿಯ ಫೋಟೊ ಒಂದನ್ನು ಹುಡುಗ ಮೊಬೈಲಿಗೆ ಕಳಿಸಿದ್ದ. ಕರಿ ಕೋಟಿನ ಗಂಡು, ಬಿಳಿ ಗೌನಿನ ಹೆಣ್ಣು, ಇಬ್ಬರ ಮುಖವೂ ಹಾಲಿನಲ್ಲಿ ಅದ್ದಿ ತೆಗೆದಂತೆ. ಕೆಳಗೆ ಬರೆದಿದ್ದ: 'ಇದು ನಾವಲ್ಲ ಚಿಗವ್ವಾ. ನೀ ಮಾಡಿಕೊಡು.'

ಹೂಂ ಅಂದುಬಿಟ್ಟೆ. ಅಂದಮೇಲೆ ನೆನಪಾದದ್ದು ಮುತ್ಯಾ.

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾಸಿ. ಕುಂಬಾರರ ಮನೆಯಲ್ಲಿ ಸಾಲಾಗಿ ಎತ್ತುಗಳು ಒಣಗಿರುತ್ತಿದ್ದವು. ಎಲ್ಲಕ್ಕೂ ಒಂದೇ ಮೈ, ಒಂದೇ ಮುಖ. ಊರ ಮಂದಿ ಕಾಳು ಕೊಟ್ಟು ಜೋಡಿ ತರುತ್ತಿದ್ದರು. ನಮ್ಮ ಮುತ್ಯಾ ಮಾತ್ರ ಹಿಂದಿನ ದಿನವೇ ಹೋಗಿ ಹಸಿ ಇರುವ ಜೋಡಿಯನ್ನೇ ಕೇಳಿ ತರುತ್ತಿದ್ದ. ಮನೆಗೆ ಬಂದು ಬೆರಳಿಗೆ ನೀರು ಹಚ್ಚಿಕೊಂಡು ಒಂದರ ಎಡಗೋಡನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸುವನು. ಕೊಟ್ಟಿಗೆಯಲ್ಲಿದ್ದ ನಮ್ಮ ಕೆಂದನ ಕೋಡು ಹಾಗೇ ಇತ್ತು. ಆಮೇಲೆ ಗುಲಗಂಜಿಯ ಕಣ್ಣು, ಹಣೆಗೆ ಕುಸುಬಿ ಕಾಳು, ಮುಂದೊಂದು ಮಣ್ಣಿನ ಗ್ವಾದಲಿ. ಕೋಡು ಡೊಂಕಾಗುವ ತನಕ ಅದು ಬರೀ ಎತ್ತು, ಆಮೇಲೆ ಕೆಂದ. ಹಬ್ಬ ಮುಗಿದ ಮೇಲೆ ಬಾವಿಗೆ ಬಿಡುವಾಗ ನಾನು ಅತ್ತಿದ್ದೂ ಕೆಂದನಿಗಾಗಿಯೇ, ಅದರ ಜೋಡಿ ಎತ್ತಿಗಲ್ಲ.

ಲಗ್ನಕ್ಕೂ ಗೊಂಬೆಗೂ ನಂಟು ನಮ್ಮಲ್ಲಿ ಹೊಸದೇನಲ್ಲ. ಗೌರಿಹುಣ್ಣಿಮೆಗೆ ಗಂಡಿನ ಮನೆಯವರು ನಿಶ್ಚಯವಾದ ಹುಡುಗಿಗೆ ಸಕ್ಕರೆ ಆರತಿ ಒಯ್ಯುವುದು ಉತ್ತರ ಕರ್ನಾಟಕದ ಬಹಳ ಕಡೆ ಉಂಟು. ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚಿಗೆ ದಾರ ಬಿಗಿದು ಸಕ್ಕರೆ ಪಾಕ ಹೊಯ್ದರೆ ಆನೆ, ನವಿಲು, ತೇರು, ಬಸವಣ್ಣ ಎದ್ದು ಬರುತ್ತವೆ. ಇರುವೆಯಿಂದ ಕಾಯುವುದೇ ಒಂದು ಕೆಲಸ. ಇಂಗ್ಲೆಂಡಿನಲ್ಲಿ 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕಿನ ಮೇಲೂ ಗೊಂಬೆಗಳಿದ್ದವು. ಬ್ರಿಟಾನಿಯಾ ದೇವಿ ವಧೂವರರನ್ನು ಹರಸುತ್ತಾಳೆ, ರಾಣಿಗೂ ಆಕೆಯ ಗಂಡನಿಗೂ ಹಳೇ ರೋಮನ್ನರ ಉಡುಪು! ಬೇರೆಯವರ ಬಟ್ಟೆ ತೊಡಿಸಿ ಕೇಕಿನ ಮೇಲೆ ನಿಲ್ಲಿಸುವ ಚಾಳಿ ಅಲ್ಲಿಂದಲೇ ಇದೆ ಅನ್ನಿ.

ನನ್ನ ಹಿಟ್ಟು ಅಡಿಗೆಮನೆಯದೇ. ಒಂದು ಬಟ್ಟಲು ಕಾರ್ನ್‌ಫ್ಲೋರ್, ಅಷ್ಟೇ ಫೆವಿಕಾಲ್, ಎರಡೆರಡು ಚಮಚ ಎಣ್ಣೆ ಮತ್ತು ನಿಂಬೆರಸ. ಸಣ್ಣ ಉರಿಯ ಮೇಲೆ ತಿರುವುತ್ತ ಹೋದರೆ ಪಾತ್ರೆಯ ತಳ ಬಿಟ್ಟು ಮುದ್ದೆಯಾಗುತ್ತದೆ. ರೊಟ್ಟಿ ಹಿಟ್ಟಿನಂತೆ ನಾದಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಂದು ದಿನ ಇಡಬೇಕು. ಒಣಗುವಾಗ ಕುಗ್ಗುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ತುಸು ದಪ್ಪನಾಗಿಯೇ ಮಾಡುವುದು. ಏಪ್ರಿಲ್ ತಿಂಗಳ ರಾಯಚೂರು ಸೀಮೆಯ ಬಿಸಿಲಿಗೆ ಮೊದಲನೆಯ ಮದುಮಗಳ ಕುತ್ತಿಗೆ ರಾತ್ರಿ ಬೆಳಗಾಗುವುದರಲ್ಲಿ ಬಿರಿಯಿತು, ಥೇಟ್ ನಮ್ಮ ಎರೆಹೊಲದಂತೆ. ಎರೆಮಣ್ಣಿನ ಗುಣವೇ ಅದು, ನೀರು ಕುಡಿದರೆ ಉಬ್ಬುವುದು, ಒಣಗಿದರೆ ಬಾಯಿಬಿಡುವುದು. ಅದಕ್ಕೇ ಅವ್ವ ಮಣ್ಣಿನ ಒಲೆ ಹಾಕುವಾಗ ಹತ್ತಿ ಬೆರೆಸಿ ತುಳಿಯುತ್ತಿದ್ದಳು. ನಾನೂ ಒಂದು ಚಿಟಿಕೆ ಹತ್ತಿ ಹಿಂಜಿ ಹಿಟ್ಟಿಗೆ ಸೇರಿಸಿದೆ. ಕುತ್ತಿಗೆ ನಿಂತಿತು. ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯ ಗೊಂಬೆಗೆ ಬಳಿಯುವ ಕಿಟ್ಟವೂ ಇದೇ ಜಾತಿಯದು: ಸೆಣಬಿನ ಚಿಂದಿಯ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವ ತನಕ ಕಿನ್ನಾಳವೂ ನಮ್ಮ ರಾಯಚೂರು ಜಿಲ್ಲೆಯದೇ. ಹಾಗಾಗಿ ಅವರ ವಿದ್ಯೆ ಕದ್ದೆ ಎಂದು ನನಗೆ ಅನಿಸುವುದಿಲ್ಲ.

ಬಣ್ಣದ ಹತ್ತಿರ ಜಗಳ ಬಂತು. ನಾನು ಕಂದಿಗೆ ತುಸು ಹಳದಿ, ತುಸು ಕೆಂಪು ಬೆರೆಸಿ, ತೊಗರಿ ಹೊಲದಲ್ಲಿ ಓಡಾಡಿದವರ ಬಣ್ಣ ಹಿಡಿದಿದ್ದೆ. ಅಕ್ಕ ನೋಡಿದವಳೇ, 'ಸ್ವಲ್ಪ ಬೆಳ್ಳಗ ಮಾಡಲೇ, ಮಂದಿ ನೋಡ್ತಾರ' ಅಂದಳು. ಮಂದಿ ನಿನ್ನ ಮಗನನ್ನ ಪಕ್ಕದಾಗೇ ನೋಡ್ತಾರಲ್ಲ ಅಂದೆ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಚಾ ತಂದಿಟ್ಟಳು, ಬಣ್ಣದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಿಜವಾದ ಕಷ್ಟ ಮುಖದ್ದಲ್ಲ. ಕಡಲೆಕಾಯಿಯಷ್ಟು ಮುಖದಲ್ಲಿ ಎರಡು ಚುಕ್ಕೆ, ಒಂದು ಗೆರೆ ಬಿಟ್ಟರೆ ಜಾಗವೆಲ್ಲಿ? ಅಷ್ಟರಲ್ಲಿ ಯಾರೂ ಯಾರಂತೆಯೂ ಕಾಣುವುದಿಲ್ಲ. ಹುಡುಗನನ್ನು ಎತ್ತಿಕೊಂಡು ಬೆಳೆಸಿದವಳು ನಾನು; ಬಲಭುಜ ಇಳಿಬಿಟ್ಟು ನಿಲ್ಲಿಸಿದರೆ ಅವನೇ. ಹುಡುಗಿಯನ್ನು ಕಂಡಿದ್ದು ಎರಡೇ ಸಲ. ಎರಡನೆಯ ಸಲ ಮಾನ್ವಿಗೆ ಹೋದಾಗ ಆಕೆ ಶಾಲೆಯಿಂದ ಆಗತಾನೇ ಬಂದಿದ್ದಳು. ಬೆರಳ ತುಂಬಾ ಸೀಮೆಸುಣ್ಣ. ಜಾರಿದ ಚಷ್ಮಾವನ್ನು ಬೆರಳಿಂದ ಮುಟ್ಟದೆ ಮಣಿಕಟ್ಟಿನ ಹಿಂಬದಿಯಿಂದ ಮೇಲೆ ನೂಕಿಕೊಂಡಳು. ಅದು ಸಾಕಾಯಿತು ನನಗೆ. ಕೈ ಎತ್ತಿ ಹಿಡಿದ ಮದುಮಗಳು, ತೆಳು ತಂತಿಯ ಚಷ್ಮಾ, ಹಸಿರು ಬಳೆ, ಮೇಲೆ ಬಾಸಿಂಗ.

ಫೆವಿಕಾಲ್ ಹಿಟ್ಟು ತಿನ್ನುವ ವಸ್ತುವಲ್ಲ, ಕೇಕಿಗೆ ತಾಗಬಾರದು. ಕಾಲಡಿಗೆ ಬಿಲ್ಲೆ ಅಂಟಿಸಿ ಒಯ್ದಿದ್ದೆ. ಆದರೆ ಹಾಲ್‌ನಲ್ಲಿ ಎಸಿ ಕೈಕೊಟ್ಟಿತ್ತು. ಕ್ರೀಮು ಬೆವರತೊಡಗಿ ಮದುಮಕ್ಕಳು ಬಿಲ್ಲೆಯ ಸಮೇತ ಮೆಲ್ಲಗೆ ಎಡಕ್ಕೆ ವಾಲಿದರು. ಬಾಸಿಂಗ ಚಂದ ಆಗೇತಿ ಎಂದು ನಾಕು ಮಂದಿ ಅಂದರು. ಬೀಗರಲ್ಲಿ ಹಿರಿಯರೊಬ್ಬರು ಬಗ್ಗಿ ನೋಡಿ, 'ಹುಡುಗಿಗೆ ತಲಿ ನೋಯಾಕತ್ತೇತೇನವ್ವಾ?' ಎಂದು ಕೇಳಿದರು. ಮೂರು ವಾರದ ಕೆಲಸ ಅಲ್ಲಿಗೆ ತಲೆನೋವಾಯಿತು. ಊಟದ ಕಡೆ ಹೊರಟಿದ್ದೆ. ಅಷ್ಟರಲ್ಲಿ ಮಾನ್ವಿಯಿಂದ ಬಂದಿದ್ದ ಶಾಲೆಯ ಮಕ್ಕಳ ಗುಂಪು ಕೇಕಿಗೆ ಮುತ್ತಿತು. ಒಬ್ಬ ಹುಡುಗ ಗೊಂಬೆ ನೋಡಿದ, ವೇದಿಕೆ ನೋಡಲೇ ಇಲ್ಲ. 'ಏ, ನಮ್ಮ ಟೀಚರ್!' ಎಂದು ತಾನೂ ಮಣಿಕಟ್ಟು ಎತ್ತಿ ಮೂಗಿಗೆ ಒತ್ತಿಕೊಂಡ. ಮಿಕ್ಕವರೂ ಒತ್ತಿಕೊಂಡರು. ವೇದಿಕೆಯ ಮೇಲಿನ ಟೀಚರ್ ಅದನ್ನು ಕಂಡು, ಕೈತುಂಬಾ ಮೆಹಂದಿ ಇದ್ದುದರಿಂದಲೋ ಏನೋ, ಅದೇ ಮಣಿಕಟ್ಟಿನಿಂದ ಚಷ್ಮಾ ಸರಿಮಾಡಿಕೊಂಡಳು.

ಈಗ ಗೊಂಬೆ ಬೆಂಗಳೂರಲ್ಲಿ ಅವರ ಟಿವಿ ಪಕ್ಕ ನಿಂತಿದೆಯಂತೆ. ಬಾವಿಗೂ ಬಿಡುವಂತಿಲ್ಲ, ತಿನ್ನುವಂತೆಯೂ ಇಲ್ಲ, ಧೂಳು ಒರೆಸಬೇಕು.

ಅದಾಗಿ ಕಾರಹುಣ್ಣಿಮೆ ಬಂತು. ಎದುರುಮನೆಯ ಆಯಿಯ ಮೊಮ್ಮಗ ಬಂದು ಪಡಸಾಲೆಯ ಕಂಬ ಹಿಡಿದು ನಿಂತ.

'ಅತ್ತೀ, ನಮ್ಮ ಮನ್ಯಾಗ ಎತ್ತಿಲ್ಲ. ಟ್ರ್ಯಾಕ್ಟರ್ ಐತಿ. ಅಮಾಸಿಗೆ ಅದನ್ನ ಮಾಡಿಕೊಡ್ತೀಯೇನು?'

ಮಾಡೋಣ ಅಂದೆ. ಅವನು ಹೋಗಲಿಲ್ಲ.

'ನಮ್ಮದರ ಲೈಟ್ ಒಂದು ಒಡದೈತಿ.'

'ಯಾ ಕಡೀದು?' ಎಂದು ಕೇಳಿದೆ.